ಸ್ಕೆಲಿಡರ್ಜ್: ಸಿಂಗಲ್ಸ್ ಪಂದ್ಯದಲ್ಲಿ ಈ ಫೈರ್ ಪೋಕೆಮಾನ್‌ನ ನಿಜವಾದ ಬೆಲೆ ಎಷ್ಟು?

ಕೆಂಡ

ಪೋಕೆಮಾನ್ ವಿಡಿಯೋ ಗೇಮ್‌ನ ಆರಕ್ಕೆ ಆರು ಸಿಂಗಲ್ಸ್ ಪಂದ್ಯಕ್ಕೆ (ಎರಡೂ ಕಡೆ ಆರಾರು ಪೋಕೆಮಾನ್, ಕಣದಲ್ಲಿ ಒಂದೊಂದೇ) ತಂಡ ಕಟ್ಟುವವರು ಸ್ಕೆಲಿಡರ್ಜ್ ಬಗ್ಗೆ ಮಾತನಾಡುವಾಗ ಸಾಮಾನ್ಯವಾಗಿ ಎರಡು ಗುಣಗಳನ್ನು ಹೇಳಿ ಮುಗಿಸುತ್ತಾರೆ. ಅನ್‌ಅವೇರ್ ಎಂಬ ಎಬಿಲಿಟಿ (ಸಹಜ ಗುಣ) ಇರುವುದರಿಂದ ಎದುರಾಳಿ ಎಷ್ಟೇ ಬೂಸ್ಟ್ ಮಾಡಿಕೊಂಡು, ಅಂದರೆ ಬಲ ಏರಿಸಿಕೊಂಡು, ಬಂದರೂ ಇದು ತಡೆಯುತ್ತದೆ ಎಂಬುದು ಒಂದು. ತಗಲಿದಾಗಲೆಲ್ಲ ಸ್ಪೆಷಲ್ ಅಟ್ಯಾಕ್ ಏರಿಸುವ ಟಾರ್ಚ್ ಸಾಂಗ್ ಎಂಬ ಫೈರ್ ಮೂವ್ ಇರುವುದರಿಂದ ಇದು ಏಟು ತಿನ್ನುತ್ತಾ ಕೂರುವ ಗೋಡೆಯಲ್ಲ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಈ ಎರಡರಿಂದಲೇ ಅದರ ಬೆಲೆ ಕಟ್ಟಿದರೆ ತಂಡದಲ್ಲಿ ಅದಕ್ಕೆ ತಪ್ಪು ಕೆಲಸ ಕೊಡುತ್ತೇವೆ. ಒಂದು ಪಂದ್ಯದಲ್ಲಿ ಇದು ಎಷ್ಟು ಸಲ ಕಣಕ್ಕಿಳಿಯಬಲ್ಲದು, ಎಷ್ಟು ಸಲ ಚೇತರಿಸಿಕೊಳ್ಳಬಲ್ಲದು ಎಂಬ ಲೆಕ್ಕವೇ ಮೊದಲು ಬರಬೇಕು ಎಂಬುದು ನನ್ನ ವಾದ.

ಮೂಲ ಅಂಕಿಗಳನ್ನು ನೋಡೋಣ. 2022ರ ನವೆಂಬರ್ 18ರಂದು ಬಿಡುಗಡೆಯಾದ ಸ್ಕಾರ್ಲೆಟ್ ಮತ್ತು ವೈಲೆಟ್‌ನ ಮೂರು ಆರಂಭಿಕ ಪೋಕೆಮಾನ್‌ಗಳಲ್ಲಿ ಒಂದಾದ ಫ್ಯುಕೊಕೊ 36ನೇ ಲೆವೆಲ್‌ನಲ್ಲಿ ಸ್ಕೆಲಿಡರ್ಜ್ ಆಗುತ್ತದೆ. ಎಚ್‌ಪಿ (ಜೀವಬಲ) 104, ಅಟ್ಯಾಕ್ 75, ಡಿಫೆನ್ಸ್ 100, ಸ್ಪೆಷಲ್ ಅಟ್ಯಾಕ್ 110, ಸ್ಪೆಷಲ್ ಡಿಫೆನ್ಸ್ 75, ಸ್ಪೀಡ್ 66, ಒಟ್ಟು 530. ದೈಹಿಕ ಏಟಿಗೆ ಚೆನ್ನಾಗಿ ನಿಲ್ಲುವ, ಸ್ಪೆಷಲ್ ಏಟಿಗೆ ಸುಮಾರಾಗಿ ನಿಲ್ಲುವ, ನಿಧಾನವಾದ ಪೋಕೆಮಾನ್ ಇದು.

ಫೈರ್ ಮತ್ತು ಘೋಸ್ಟ್ ಜೋಡಿ ಕೊಡುವುದೂ ಬಹಳ, ಕಿತ್ತುಕೊಳ್ಳುವುದೂ ಬಹಳ. ನಾರ್ಮಲ್ ಮತ್ತು ಫೈಟಿಂಗ್ ಏಟುಗಳು ತಗಲುವುದೇ ಇಲ್ಲ. ಬಗ್ ಏಟು ಕಾಲು ಭಾಗಕ್ಕೆ ಇಳಿಯುತ್ತದೆ; ಫೈರ್, ಗ್ರಾಸ್, ಐಸ್, ಸ್ಟೀಲ್, ಫೇರಿ, ಪಾಯ್ಸನ್ ಏಟುಗಳು ಅರ್ಧಕ್ಕೆ ಇಳಿಯುತ್ತವೆ. ಇತ್ತ ವಾಟರ್, ಗ್ರೌಂಡ್, ರಾಕ್, ಘೋಸ್ಟ್, ಡಾರ್ಕ್ ಎಂಬ ಐದು ಟೈಪ್‌ಗಳಿಂದ ಎರಡು ಪಟ್ಟು ಪೆಟ್ಟು ಬೀಳುತ್ತದೆ. ಈ ಐದರಲ್ಲಿ ಗ್ರೌಂಡ್ ಮತ್ತು ಡಾರ್ಕ್ ಇಲ್ಲದ ಗಂಭೀರ ತಂಡ ಸಿಗುವುದು ಅಪರೂಪ.

ಇನ್ನು ಬಾಳಿಕೆಯ ಮಾತು. 100ನೇ ಲೆವೆಲ್‌ನಲ್ಲಿ ಎಚ್‌ಪಿಗೆ 252 ಇವಿ (ತರಬೇತಿಯ ಅಂಕ) ಹಾಕಿದರೆ 412 ಆಗುತ್ತದೆ. ಎದುರಾಳಿ ಸ್ಟೆಲ್ತ್ ರಾಕ್ (ಕಣಕ್ಕಿಳಿಯುವವರಿಗೆ ಪೆಟ್ಟು ಕೊಡುವ ಕಲ್ಲುಗಳು) ಹಾಕಿದ್ದರೆ ಪ್ರತಿ ಸಲ ಕಣಕ್ಕೆ ಇಳಿದಾಗಲೂ ಅದರ ಕಾಲು ಭಾಗ, ಅಂದರೆ 103 ಹೋಗುತ್ತದೆ. ಸ್ಲ್ಯಾಕ್ ಆಫ್ ಒಂದು ಸಲಕ್ಕೆ ಅರ್ಧ ಎಚ್‌ಪಿ ಮರಳಿ ಕೊಡುತ್ತದೆ. ಒಂಬತ್ತನೇ ತಲೆಮಾರಿನಲ್ಲಿ (ಅಂದರೆ ಸ್ಕಾರ್ಲೆಟ್, ವೈಲೆಟ್‌ನಲ್ಲಿ) ಇಂಥ ಚೇತರಿಕೆಯ ಮೂವ್‌ಗಳ ಪಿಪಿಯನ್ನು (ಎಷ್ಟು ಸಲ ಬಳಸಬಹುದು ಎಂಬ ಮಿತಿಯನ್ನು) 10ರಿಂದ 5ಕ್ಕೆ ಇಳಿಸಿರುವುದರಿಂದ, ಪಿಪಿಯನ್ನು ಪೂರ್ತಿ ಏರಿಸಿದರೂ ಸಿಗುವುದು 8 ಸಲ ಮಾತ್ರ. ಕಲ್ಲಿನ ಪೆಟ್ಟು ತಪ್ಪಿಸುವ ಬೂಟ್ಸ್ ಎಂಬ ಐಟಂ ಇಲ್ಲದೆ ಎರಡು ಸಲ ಕಣಕ್ಕಿಳಿದರೆ ಒಂದು ಸ್ಲ್ಯಾಕ್ ಆಫ್ ಬರೀ ಕಲ್ಲಿನ ಪೆಟ್ಟನ್ನು ತುಂಬಿಸಲು ಖರ್ಚಾಗುತ್ತದೆ. ಆದ್ದರಿಂದ ಹೆವಿ-ಡ್ಯೂಟಿ ಬೂಟ್ಸ್ ಇಲ್ಲಿ ಆಯ್ಕೆಯ ವಿಷಯವೇ ಅಲ್ಲ. ಬದಲಿಗೆ ಪ್ರತಿ ಸರದಿ ಸ್ವಲ್ಪ ಎಚ್‌ಪಿ ಮರಳಿಸುವ ಲೆಫ್ಟೋವರ್ಸ್ ಕೊಟ್ಟು ಆಡಿಸುವವರನ್ನು ಕಂಡಿದ್ದೇನೆ. ತಂಡದಲ್ಲಿ ಕಲ್ಲು ತೆಗೆಯುವ ಇಬ್ಬರಿದ್ದರೂ ನಾನು ಅದನ್ನು ಒಪ್ಪಲಾರೆ.

ಅನ್‌ಅವೇರ್ ಬಗ್ಗೆಯೂ ಒಂದು ಸ್ಪಷ್ಟನೆ ಬೇಕು. ಅದು ಎದುರಾಳಿಯ ಸ್ಟಾಟ್ ಏರಿಳಿತಗಳನ್ನು ಮಾತ್ರ ಕಡೆಗಣಿಸುತ್ತದೆ. ಸ್ವೋರ್ಡ್ಸ್ ಡಾನ್ಸ್, ಡ್ರ್ಯಾಗನ್ ಡಾನ್ಸ್, ಕ್ವಿವರ್ ಡಾನ್ಸ್, ನ್ಯಾಸ್ಟಿ ಪ್ಲಾಟ್‌ಗಳಿಂದ ಏರಿದ ಬಲ ಇದರ ಮುಂದೆ ನಡೆಯುವುದಿಲ್ಲ. ಏರಿದ ವೇಗ ಮಾತ್ರ ಏರಿಯೇ ಇರುತ್ತದೆ. ಚಾಯ್ಸ್ ಬ್ಯಾಂಡ್‌ನಂಥ ಐಟಂ ಕೊಡುವ ಬಲ, ಟೆರಾ (ಪಂದ್ಯದಲ್ಲಿ ಒಮ್ಮೆ ಟೈಪ್ ಬದಲಿಸಿಕೊಳ್ಳುವುದು) ಕೊಡುವ ಬಲ ಇವುಗಳ ಗೊಡವೆಗೆ ಅನ್‌ಅವೇರ್ ಹೋಗುವುದಿಲ್ಲ. ಮೋಲ್ಡ್ ಬ್ರೇಕರ್ ಇರುವ ಎಕ್ಸ್‌ಕಡ್ರಿಲ್, ಹ್ಯಾಕ್ಸೋರಸ್‌ಗಳ ಎದುರು ಆ ಎಬಿಲಿಟಿಯೇ ಇಲ್ಲದಂತಾಗುತ್ತದೆ. ಹಲವರು ಗಮನಿಸದ ಇನ್ನೊಂದು ಮುಖವಿದೆ: ಎದುರಾಳಿಯ ಡಿಫೆನ್ಸ್ ಇಳಿದಿದ್ದರೆ ಅದನ್ನೂ ಇದು ಕಡೆಗಣಿಸುತ್ತದೆ. ಗ್ರೇಟ್ ಟಸ್ಕ್ ಎಂಬ ಪೋಕೆಮಾನ್ ಗ್ರೌಂಡ್ ಏಟಾದ ಹೆಡ್‌ಲಾಂಗ್ ರಷ್ ಬಳಸಿ ತನ್ನ ಎರಡೂ ಡಿಫೆನ್ಸ್ ಇಳಿಸಿಕೊಂಡರೂ ಸ್ಕೆಲಿಡರ್ಜ್‌ನ ಟಾರ್ಚ್ ಸಾಂಗ್‌ಗೆ ಅದರಿಂದ ಕಿಂಚಿತ್ತೂ ಲಾಭವಿಲ್ಲ.

ಈ ಎಲ್ಲವನ್ನೂ ಇಟ್ಟುಕೊಂಡು ನಾನು ಇದನ್ನು ಹೀಗೆ ಅಳೆಯುತ್ತೇನೆ: ಪಂದ್ಯದ ನಡುಘಟ್ಟದಲ್ಲಿ, ಪೂರ್ಣ ಅಥವಾ ಹೆಚ್ಚುಕಡಿಮೆ ಪೂರ್ಣ ಎಚ್‌ಪಿಯಲ್ಲಿ, ಬೂಟ್ಸ್ ಕಳೆದುಕೊಳ್ಳದೆ ಉಳಿದಿರುವ ಸ್ಕೆಲಿಡರ್ಜ್ ಬಹಳ ಒಳ್ಳೆಯ ಪೋಕೆಮಾನ್. ಅರ್ಧ ಎಚ್‌ಪಿಯಲ್ಲಿ ಬೂಟ್ಸ್ ಇಲ್ಲದೆ ನಿಂತದ್ದು ಸಾಧಾರಣವೂ ಅಲ್ಲ. ಈ ಎರಡರ ನಡುವಿನ ಅಂತರ ಇಷ್ಟು ದೊಡ್ಡದಿರುವ ಪೋಕೆಮಾನ್‌ಗಳು ಕಡಿಮೆ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಹಿಮ್ಮೇಳ

ಕೆಂಡ ಅವರೇ, ಬೂಟ್ಸ್ ವಿಷಯದಲ್ಲಿ ನನ್ನದು ಪೂರ್ಣ ಸಹಮತ. ಆದರೆ ನಿಮ್ಮ ಬಾಳಿಕೆಯ ಲೆಕ್ಕವನ್ನು ಮುಂದುವರಿಸಿದರೆ ನೀವು ಹೇಳಿದ್ದಕ್ಕಿಂತ ಕಠಿಣವಾದ ತೀರ್ಮಾನಕ್ಕೆ ಬರಬೇಕಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಬೂಟ್ಸ್ ಉಳಿಯುವುದು ನಮ್ಮ ಕೈಯಲ್ಲಿಲ್ಲ. ಗ್ರೇಟ್ ಟಸ್ಕ್, ಗ್ಲೈಸ್ಕೋರ್ ಎರಡೂ ನಾಕ್ ಆಫ್ ಕಲಿಯುತ್ತವೆ. ಅದು ಡಾರ್ಕ್ ಏಟಾಗಿರುವುದರಿಂದ ಸ್ಕೆಲಿಡರ್ಜ್‌ಗೆ ಎರಡು ಪಟ್ಟು ತಗಲುತ್ತದೆ, ಜೊತೆಗೆ ಬೂಟ್ಸ್ ಹೋಗುತ್ತದೆ. ಆಮೇಲೆ ಪ್ರತಿ ಸಲ ಇಳಿದಾಗಲೂ ಕಾಲು ಭಾಗ ಎಚ್‌ಪಿ ತೆರಬೇಕು.

2023ರ ಸೆಪ್ಟೆಂಬರ್‌ನಲ್ಲಿ ದಿ ಟೀಲ್ ಮಾಸ್ಕ್ ಎಂಬ ವಿಸ್ತರಣೆಯೊಂದಿಗೆ ಗ್ಲೈಸ್ಕೋರ್ ಮರಳಿದ್ದು ಇದಕ್ಕೆ ದೊಡ್ಡ ಹೊಡೆತ. ಟಾಕ್ಸಿಕ್ ಆರ್ಬ್‌ನಿಂದ ತಾನೇ ವಿಷ ಹತ್ತಿಸಿಕೊಂಡಿರುವ ಗ್ಲೈಸ್ಕೋರ್‌ಗೆ ವಿಲ್-ಓ-ವಿಸ್ಪ್ (ಎದುರಾಳಿಯನ್ನು ಸುಟ್ಟು ಅದರ ದೈಹಿಕ ಏಟನ್ನು ಅರ್ಧಕ್ಕೆ ಇಳಿಸುವ ಮೂವ್) ನಾಟುವುದೇ ಇಲ್ಲ. ಪಾಯ್ಸನ್ ಹೀಲ್‌ನಿಂದ ಪ್ರತಿ ಸರದಿಯೂ ಅದು ಚೇತರಿಸಿಕೊಳ್ಳುತ್ತಿರುತ್ತದೆ. ಅತ್ತ ಅದು ಟಾಕ್ಸಿಕ್ ಹಾಕಿದರೆ ಸ್ಕೆಲಿಡರ್ಜ್‌ನ ಎಂಟು ಸ್ಲ್ಯಾಕ್ ಆಫ್‌ಗಳ ಲೆಕ್ಕವೇ ಕುಸಿಯುತ್ತದೆ, ಏಕೆಂದರೆ ಸರದಿ ಕಳೆದಂತೆ ವಿಷದ ಪೆಟ್ಟು ಬೆಳೆಯುತ್ತಾ ಹೋಗಿ ಚೇತರಿಕೆಯನ್ನು ಮೀರುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಕೆಲಿಡರ್ಜ್‌ನ ನಿಜವಾದ ಶತ್ರು ಗ್ರೌಂಡ್ ಏಟಲ್ಲ, ಟಾಕ್ಸಿಕ್.

ಲೆಕ್ಕಿಗ

ಇಬ್ಬರ ಮಾತಿಗೂ ಅಂಕಿ ಸೇರಿಸುತ್ತೇನೆ. ಎಚ್‌ಪಿಗೆ 252, ಡಿಫೆನ್ಸ್‌ಗೆ 252 ಇವಿ, ಬೋಲ್ಡ್ ನೇಚರ್ (ಡಿಫೆನ್ಸ್ ಏರಿಸುವ ಸ್ವಭಾವ) ಇರುವ ಸ್ಕೆಲಿಡರ್ಜ್‌ನ ಡಿಫೆನ್ಸ್ 328. ಅಟ್ಯಾಕ್‌ಗೆ 252 ಇವಿ ಹಾಕಿದ, ಸ್ಪೀಡ್ ಏರಿಸುವ ಜಾಲಿ ನೇಚರ್‌ನ ಗ್ರೇಟ್ ಟಸ್ಕ್ ಇದರ ಮೇಲೆ ಹೆಡ್‌ಲಾಂಗ್ ರಷ್ ಬಳಸಿದರೆ ಶೇ 69ರಿಂದ 82ರಷ್ಟು ಎಚ್‌ಪಿ ಹೋಗುತ್ತದೆ. ಅದೇ ಗ್ರೇಟ್ ಟಸ್ಕ್‌ನ ನಾಕ್ ಆಫ್ ಶೇ 37ರಿಂದ 44 ತೆಗೆಯುತ್ತದೆ. ಎಚ್‌ಪಿಗೆ ಇವಿ ಹಾಕದ ಗ್ರೇಟ್ ಟಸ್ಕ್‌ಗೆ ಮೊದಲ ಟಾರ್ಚ್ ಸಾಂಗ್ ಶೇ 42ರಿಂದ 50ರಷ್ಟು ತಗಲುತ್ತದೆ. ಸ್ಪೆಷಲ್ ಅಟ್ಯಾಕ್ ಒಂದು ಹಂತ ಏರಿದ ಮೇಲೆ ಎರಡನೆಯದು ಶೇ 62ರಿಂದ 74ರಷ್ಟು ತಗಲುತ್ತದೆ.

ಅರ್ಥವಿಷ್ಟೇ: ಪೂರ್ಣ ಎಚ್‌ಪಿಯ ಸ್ಕೆಲಿಡರ್ಜ್ ಟಾರ್ಚ್ ಸಾಂಗ್ ಹಾಡುತ್ತಿರುವಾಗ ಗ್ರೇಟ್ ಟಸ್ಕ್ ಎದುರಿಗೆ ಇಳಿದರೆ, ಮುಂದಿನ ಸರದಿ ಅದು ಮೊದಲು ಹೊಡೆದರೂ ಸ್ಕೆಲಿಡರ್ಜ್ ಉಳಿದು ಅದನ್ನು ಬೀಳಿಸುತ್ತದೆ. ಎಚ್‌ಪಿ ಶೇ 80ಕ್ಕಿಂತ ಕೆಳಗಿದ್ದರೆ ಉಳಿಯುವ ಭರವಸೆ ಕ್ಷೀಣಿಸುತ್ತದೆ. ಶೇ 69ರ ಒಳಗಿದ್ದರೆ ಬೀಳುವುದು ಖಚಿತ. ಒಂದೇ ಜೋಡಿಯ ಫಲಿತಾಂಶ ಹೀಗೆ ಎಚ್‌ಪಿಯ ಮೇಲೆ ಪೂರ್ತಿ ತಿರುಗಿಬೀಳುವುದರಿಂದ ಕೆಂಡ ಅವರ ಮೂಲ ವಾದವನ್ನು ನಾನು ಬೆಂಬಲಿಸುತ್ತೇನೆ. ಯಾವುದು ಯಾವುದನ್ನು ತಡೆಯುತ್ತದೆ ಎಂಬ ಪಟ್ಟಿಗಿಂತ, ಇಳಿಯುವ ಹೊತ್ತಿಗೆ ಎಷ್ಟು ಎಚ್‌ಪಿ ಉಳಿದಿದೆ ಎಂಬುದು ಹೆಚ್ಚು ಹೇಳುತ್ತದೆ.

ನಡುರಂಗ

ಬೂಸ್ಟ್ ಮಾಡಿಕೊಳ್ಳುವವರನ್ನು ತಡೆಯಲೆಂದೇ ಇದನ್ನು ತಂಡಕ್ಕೆ ತರುವುದಾದರೆ, ಎಲ್ಲರೂ ಹೆದರುವ ಡಾರ್ಕ್-ಸ್ಟೀಲ್ ಪೋಕೆಮಾನ್ ಕಿಂಗಂಬಿಟ್ ಎದುರು ಇದು ಹೇಗೆ ನಿಲ್ಲುತ್ತದೆ ಎಂದು ತಿಳಿದವರು ವಿವರಿಸಬೇಕು. ಟಾರ್ಚ್ ಸಾಂಗ್ ಎರಡು ಪಟ್ಟು ತಗಲುತ್ತದೆ, ಸ್ವೋರ್ಡ್ಸ್ ಡಾನ್ಸ್ ಲೆಕ್ಕಕ್ಕೆ ಬರುವುದಿಲ್ಲ, ಆದರೂ ನನ್ನ ಪಂದ್ಯಗಳಲ್ಲಿ ಕಿಂಗಂಬಿಟ್ ಮತ್ತೆ ಮತ್ತೆ ಗೆಲ್ಲುತ್ತಿದೆ.

ಲೆಕ್ಕಿಗ

ನಡುರಂಗ ಅವರೇ, ಈ ಜೋಡಿಯನ್ನು ಸರದಿ ಸರದಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು. ಕಿಂಗಂಬಿಟ್‌ಗೆ ಅಟ್ಯಾಕ್ ಏರಿಸುವ ಅಡಮಂಟ್ ನೇಚರ್, ಅಟ್ಯಾಕ್ ಮತ್ತು ಸ್ಪೀಡ್‌ಗೆ 252 ಇವಿ ಎಂದಿಟ್ಟುಕೊಳ್ಳಿ. ಅದರ ವೇಗ 199, ಇವಿ ಇಲ್ಲದ ಸ್ಕೆಲಿಡರ್ಜ್‌ನ ವೇಗ 168. ಆದ್ದರಿಂದ ಕಿಂಗಂಬಿಟ್‌ದೇ ಮೊದಲ ಏಟು. ಸ್ವೋರ್ಡ್ಸ್ ಡಾನ್ಸ್ ಆಗಿದ್ದರೂ ಇಲ್ಲದಿದ್ದರೂ ಅದರ ಡಾರ್ಕ್ ಏಟುಗಳಾದ ಕೌಟೌ ಕ್ಲೀವ್ ಶೇ 55ರಿಂದ 65, ಸಕ್ಕರ್ ಪಂಚ್ (ಎದುರಾಳಿ ಏಟು ಹಾಕಲು ಹೊರಟಾಗ ಮಾತ್ರ, ಅದಕ್ಕಿಂತ ಮೊದಲು ತಗಲುವ ಮೂವ್) ಶೇ 45ರಿಂದ 54 ತೆಗೆಯುತ್ತದೆ. ಎರಡನ್ನೂ ಕೂಡಿಸಿದರೆ ಕನಿಷ್ಠ ಪೆಟ್ಟಿನಲ್ಲೂ 412 ದಾಟುತ್ತದೆ.

ಈಗ ಸ್ಕೆಲಿಡರ್ಜ್ ಮೊದಲ ಸರದಿಯಲ್ಲಿ ಟಾರ್ಚ್ ಸಾಂಗ್ ಬಳಸಿತು ಎನ್ನಿ. ಕಿಂಗಂಬಿಟ್‌ಗೆ ಶೇ 63ರಿಂದ 74 ತಗಲುತ್ತದೆ, ಬೀಳುವುದಿಲ್ಲ. ಎರಡನೇ ಸರದಿಯಲ್ಲಿ ಮತ್ತೆ ಟಾರ್ಚ್ ಸಾಂಗ್ ಎಂದರೆ ಸಕ್ಕರ್ ಪಂಚ್ ಮೊದಲು ಬಂದು ಮುಗಿಸುತ್ತದೆ. ಸ್ಲ್ಯಾಕ್ ಆಫ್ ಎಂದರೆ ಸಕ್ಕರ್ ಪಂಚ್ ವಿಫಲವಾಗುತ್ತದೆ ನಿಜ, ಆದರೆ ಕೌಟೌ ಕ್ಲೀವ್ ಬಂದರೆ ಚೇತರಿಕೆಗೆ ಮೊದಲೇ ಸ್ಕೆಲಿಡರ್ಜ್ ಬೀಳುತ್ತದೆ. ನಿಮ್ಮ ಪಂದ್ಯಗಳಲ್ಲಿ ಆಗುತ್ತಿರುವುದು ಇದೇ ಇರಬೇಕು. ಟಾರ್ಚ್ ಸಾಂಗ್ ಮೊದಲು ಬಳಸುವುದು ಸರಿಯಾಗುವುದು ಕಿಂಗಂಬಿಟ್ ಆಗಲೇ ಶೇ 37ರಷ್ಟಾದರೂ ಎಚ್‌ಪಿ ಕಳೆದುಕೊಂಡಿದ್ದಾಗ ಮಾತ್ರ.

ಪೂರ್ಣ ಎಚ್‌ಪಿಯ ಕಿಂಗಂಬಿಟ್ ಎದುರು ಮೊದಲ ಮೂವ್ ವಿಲ್-ಓ-ವಿಸ್ಪ್ ಆಗಬೇಕು. ಅದು 100ರಲ್ಲಿ 85 ಸಲ ನಾಟುತ್ತದೆ. ಸುಟ್ಟ ಮೇಲೆ ಕೌಟೌ ಕ್ಲೀವ್ ಶೇ 27ರಿಂದ 33ಕ್ಕೆ ಇಳಿಯುತ್ತದೆ, ಸ್ಲ್ಯಾಕ್ ಆಫ್ ಅದಕ್ಕಿಂತ ಹೆಚ್ಚು ಮರಳಿಸುತ್ತದೆ, ಮತ್ತೆ ಸ್ವೋರ್ಡ್ಸ್ ಡಾನ್ಸ್ ಮಾಡಿ ಆ ನಷ್ಟ ತುಂಬಿಕೊಳ್ಳುವ ದಾರಿಯನ್ನು ಅನ್‌ಅವೇರ್ ಮುಚ್ಚಿರುತ್ತದೆ. ಬೇರೆ ಪೋಕೆಮಾನ್‌ಗಳು ಸುಟ್ಟರೆ ಕಿಂಗಂಬಿಟ್ ಇನ್ನೊಂದು ಡಾನ್ಸ್ ಮಾಡಿ ಮುಂದುವರಿಯುತ್ತದೆ. ಸ್ಕೆಲಿಡರ್ಜ್ ಸುಟ್ಟರೆ ಅದು ಸುಟ್ಟೇ ಹೋಯಿತು. ಕಿಂಗಂಬಿಟ್ ಟೆರಾ ಫೈರ್ ಆಗಿ ಬಂದರೆ ಮಾತ್ರ ಈ ದಾರಿ ಕೆಲಸ ಮಾಡುವುದಿಲ್ಲ.

ಕೊನೆಯ ಘಟ್ಟದ ಮಾತು ಬೇರೆ. ಕಿಂಗಂಬಿಟ್‌ನ ಸುಪ್ರೀಂ ಓವರ್‌ಲಾರ್ಡ್ ಬಿದ್ದ ಪ್ರತಿ ಸಂಗಾತಿಗೂ ಏಟಿನ ಬಲವನ್ನು ಶೇ 10ರಷ್ಟು ಹೆಚ್ಚಿಸುತ್ತದೆ. ಅದು ಸ್ಟಾಟ್ ಏರಿಕೆಯಲ್ಲ, ಮೂವ್‌ನ ಬಲವನ್ನೇ ಹೆಚ್ಚಿಸುವಂಥದ್ದು, ಹಾಗಾಗಿ ಅನ್‌ಅವೇರ್ ಅದನ್ನು ಮುಟ್ಟುವುದಿಲ್ಲ. ಐದೂ ಸಂಗಾತಿಗಳು ಬಿದ್ದ ಮೇಲೆ ಬಂದ ಕಿಂಗಂಬಿಟ್‌ನ ಕೌಟೌ ಕ್ಲೀವ್ ಶೇ 82ರಿಂದ 97 ತೆಗೆಯುತ್ತದೆ. ಪೂರ್ಣ ಎಚ್‌ಪಿ ಇದ್ದರೆ ಸ್ಕೆಲಿಡರ್ಜ್ ಒಂದು ಸಲ ಉಳಿಯುತ್ತದೆ, ಅಷ್ಟೆ. ಎದುರಾಳಿಯ ಕಿಂಗಂಬಿಟ್ ಅನ್ನು ಕೊನೆಗೆ ಸ್ಕೆಲಿಡರ್ಜ್ ನೋಡಿಕೊಳ್ಳುತ್ತದೆ ಎಂದು ನಂಬಿ ಮೊದಲಿನಿಂದ ಆಡುವುದು ಅಪಾಯಕರ. ಅದನ್ನು ನಡುಘಟ್ಟದಲ್ಲೇ ಹೊರಗೆಳೆದು ಸುಡುವುದು ಮೇಲು.

ಹಿಮ್ಮೇಳ

ಕೊನೆಯ ಘಟ್ಟಕ್ಕೆಂದೇ ಟೆರಾ ಇದೆಯಲ್ಲವೇ? ಟೆರಾ ಫೇರಿ ಆದರೆ ಡಾರ್ಕ್ ಏಟು ಅರ್ಧಕ್ಕೆ ಇಳಿಯುತ್ತದೆ.

ಕೆಂಡ

ಹಿಮ್ಮೇಳ ಅವರೇ, ಟೆರಾ ಫೇರಿಯನ್ನು ಬಹಳ ಜನ ಮೆಚ್ಚುತ್ತಾರೆ, ಆದರೆ ಕಿಂಗಂಬಿಟ್ ಡಾರ್ಕ್ ಜೊತೆಗೆ ಸ್ಟೀಲ್ ಕೂಡ ಹೌದು. ಐವರು ಬಿದ್ದ ಮೇಲೆ ಬರುವ ಐರನ್ ಹೆಡ್ ಟೆರಾ ಫೇರಿ ಸ್ಕೆಲಿಡರ್ಜ್‌ಗೆ ಶೇ 78ರಿಂದ 92ರಷ್ಟು ತಗಲುತ್ತದೆ. ಅಂದರೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಂತಾಯಿತು. ಅದರ ಜೊತೆಗೆ ಘೋಸ್ಟ್ ಟೈಪ್ ಹೋಗುವುದರಿಂದ ನಾರ್ಮಲ್ ಏಟಾದ ಡ್ರಾಗನೈಟ್‌ನ ಎಕ್ಸ್‌ಟ್ರೀಮ್ ಸ್ಪೀಡ್ ತಗಲಲು ಶುರುವಾಗುತ್ತದೆ.

ನನ್ನ ಒಲವು ಟೆರಾ ವಾಟರ್ ಕಡೆಗೆ. ಮೂಲದಲ್ಲಿರುವ ಐದೂ ದೌರ್ಬಲ್ಯಗಳು ಅದರಿಂದ ಒಮ್ಮೆಲೇ ಹೋಗುತ್ತವೆ. ಬದಲಿಗೆ ಬರುವುದು ಗ್ರಾಸ್ ಮತ್ತು ಎಲೆಕ್ಟ್ರಿಕ್ ಎಂಬ ಎರಡು ಮಾತ್ರ. ಕಿಂಗಂಬಿಟ್‌ನ ಅದೇ ಕೊನೆಯ ಘಟ್ಟದ ಕೌಟೌ ಕ್ಲೀವ್ ಆಗ ಶೇ 41ರಿಂದ 48ಕ್ಕೆ ಇಳಿಯುತ್ತದೆ, ಐರನ್ ಹೆಡ್ ಅರ್ಧವಾಗುತ್ತದೆ, ಗ್ರೇಟ್ ಟಸ್ಕ್‌ನ ಹೆಡ್‌ಲಾಂಗ್ ರಷ್ ಶೇ 34ರಿಂದ 41 ಆಗುತ್ತದೆ. ಟಾರ್ಚ್ ಸಾಂಗ್‌ಗೆ ಸಿಗುವ ಫೈರ್ ಟೈಪ್‌ನ ಹೆಚ್ಚುವರಿ ಬಲ ಟೆರಾ ಆದ ಮೇಲೂ ಉಳಿದಿರುತ್ತದೆ. ನಾರ್ಮಲ್ ಮತ್ತು ಫೈಟಿಂಗ್ ಏಟು ತಗಲತೊಡಗುವ ನಷ್ಟ ಎರಡು ಆಯ್ಕೆಯಲ್ಲೂ ಇದ್ದೇ ಇದೆ.

ಟಾಕ್ಸಿಕ್ ಬಗ್ಗೆ ನೀವು ಹೇಳಿದ್ದನ್ನು ನಾನು ತೂಕದ ಮಾತೆಂದು ಒಪ್ಪುತ್ತೇನೆ. ಗ್ಲೈಸ್ಕೋರ್ ಕಂಡ ತಂಡದ ಎದುರು ಸ್ಕೆಲಿಡರ್ಜ್ ಅನ್ನು ಗೋಡೆಯಾಗಿ ಬಳಸುವ ಯೋಚನೆಯನ್ನು ಆರಂಭದಲ್ಲೇ ಕೈಬಿಡಬೇಕು. ಅಂಥ ಪಂದ್ಯದಲ್ಲಿ ಅದಕ್ಕೆ ಉಳಿಯುವ ಕೆಲಸ ಒಂದೇ: ಗ್ಲೈಸ್ಕೋರ್ ಬಿದ್ದ ಮೇಲೆ ಅಥವಾ ದುರ್ಬಲವಾದ ಮೇಲೆ ಇಳಿದು ಟಾರ್ಚ್ ಸಾಂಗ್‌ನಿಂದ ಉಳಿದವರನ್ನು ಮುಗಿಸುವುದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ಏಕೆಂದರೆ ಧ್ವನಿಯ ಮೂವ್ ಆದ ಟಾರ್ಚ್ ಸಾಂಗ್ ಸಬ್‌ಸ್ಟಿಟ್ಯೂಟ್ ಅನ್ನು ದಾಟಿಹೋಗುತ್ತದೆ ಮತ್ತು ತಗಲಿದ ಪ್ರತಿ ಸಲವೂ ತಪ್ಪದೆ ಸ್ಪೆಷಲ್ ಅಟ್ಯಾಕ್ ಏರಿಸುತ್ತದೆ. 80 ಬಲದ ಮೂವ್‌ಗೆ ಇಂಥ ಗುಣವಿರುವುದು ಅಸಾಧಾರಣ.

ಏಳನೇ ಸರದಿ

ಅನ್‌ಅವೇರ್ ಇರುವ ಬೇರೆ ಪೋಕೆಮಾನ್‌ಗಳ ಜೊತೆ ಹೋಲಿಸದೆ ಈ ಚರ್ಚೆ ಪೂರ್ಣವಾಗುವುದಿಲ್ಲ. ಡೊಂಡೋಜೋಗೆ 150 ಎಚ್‌ಪಿ, 115 ಡಿಫೆನ್ಸ್ ಇದೆ. ದೈಹಿಕ ಏಟುಗಳ ಎದುರು ಅದು ಸ್ಕೆಲಿಡರ್ಜ್‌ಗಿಂತ ಬಹಳ ಗಟ್ಟಿ. ಆದರೆ ಚೇತರಿಕೆಗೆ ಅದು ರೆಸ್ಟ್ ಅನ್ನೇ ನಂಬಬೇಕು, ಮಲಗಿದ ಎರಡು ಸರದಿಗಳಲ್ಲಿ ಎದುರಾಳಿ ತನಗೆ ಬೇಕಾದ್ದನ್ನು ಮಾಡಿಕೊಳ್ಳುತ್ತಾನೆ. ಕ್ಲಾಡ್‌ಸೈರ್‌ಗೆ 130 ಎಚ್‌ಪಿ, 100 ಸ್ಪೆಷಲ್ ಡಿಫೆನ್ಸ್, ರಿಕವರ್ ಎಲ್ಲವೂ ಇದೆ, ಟಾಕ್ಸಿಕ್ ಅದಕ್ಕೆ ನಾಟುವುದಿಲ್ಲ. ಆದರೆ ಅದರ ಏಟಿಗೆ ಎದುರಾಳಿ ಹೆದರುವುದಿಲ್ಲ.

ಸ್ಕೆಲಿಡರ್ಜ್ ಮಾತ್ರ ತಡೆಯುವ ಕೆಲಸ ಮಾಡುತ್ತಲೇ ಎದುರಾಳಿಯನ್ನು ಹಿಂದೆ ಸರಿಯುವಂತೆ ಮಾಡುತ್ತದೆ. ನ್ಯಾಸ್ಟಿ ಪ್ಲಾಟ್ ಮಾಡಿದ ಗೋಲ್ಡೆಂಗೋ ಎದುರು ನಿಂತರೆ ಶ್ಯಾಡೋ ಬಾಲ್ ಎರಡು ಪಟ್ಟು ತಗಲುತ್ತದೆ ಎಂಬ ಭಯ ಇದ್ದೇ ಇದೆ, ಗುಡ್ ಆ್ಯಸ್ ಗೋಲ್ಡ್ ಇರುವುದರಿಂದ ವಿಲ್-ಓ-ವಿಸ್ಪ್ ಕೂಡ ನಡೆಯದು. ಆದರೆ ಟಾರ್ಚ್ ಸಾಂಗ್ ಅದಕ್ಕೂ ಎರಡು ಪಟ್ಟು ತಗಲುವುದರಿಂದ ಅದು ನಿರಾತಂಕವಾಗಿ ನಿಲ್ಲಲಾರದು. ವೋಲ್ಕರೋನಾ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅದರ ಫೈರ್, ಬಗ್, ಗ್ರಾಸ್ ಏಟುಗಳೆಲ್ಲವೂ ಸ್ಕೆಲಿಡರ್ಜ್‌ಗೆ ಕಡಿಮೆ ತಗಲುತ್ತವೆ, ಕ್ವಿವರ್ ಡಾನ್ಸ್ ವ್ಯರ್ಥವಾಗುತ್ತದೆ. ಟೆರಾ ಗ್ರೌಂಡ್ ಆಗಿ ಟೆರಾ ಬ್ಲಾಸ್ಟ್ ಬಳಸುವ ವೋಲ್ಕರೋನಾ ಒಂದಕ್ಕೆ ಮಾತ್ರ ಎಚ್ಚರ ಬೇಕು.

ಇದನ್ನು ತಡೆಯುವವರ ಬಗ್ಗೆಯೂ ಒಂದು ಮಾತು. ಟಿಂಗ್-ಲುವಿನ ವೆಸಲ್ ಆಫ್ ರೂಯಿನ್ ಸ್ಪೆಷಲ್ ಅಟ್ಯಾಕ್ ಅನ್ನು ಕಾಲು ಭಾಗ ಕುಗ್ಗಿಸುತ್ತದೆ, ವರ್ಲ್‌ವಿಂಡ್ ಏರಿಸಿಕೊಂಡದ್ದನ್ನೆಲ್ಲ ಅಳಿಸುತ್ತದೆ, ಅರ್ತ್‌ಕ್ವೇಕ್ ಎರಡು ಪಟ್ಟು ತಗಲುತ್ತದೆ. ಫ್ಲ್ಯಾಶ್ ಫೈರ್ ಇರುವ ಹೀಟ್ರಾನ್‌ಗೆ ಟಾರ್ಚ್ ಸಾಂಗ್ ತಗಲುವುದೇ ಇಲ್ಲ. ಆದರೆ ಅದರ ಮ್ಯಾಗ್ಮಾ ಸ್ಟಾರ್ಮ್ ಘೋಸ್ಟ್ ಟೈಪ್‌ನವರನ್ನು ಕಟ್ಟಿಹಾಕಲಾರದು, ಹಾಗಾಗಿ ಸ್ಕೆಲಿಡರ್ಜ್ ಹಿಂದೆ ಸರಿದು ಬದುಕಿಕೊಳ್ಳಬಹುದು.

ನಡುರಂಗ

ವಿವರಣೆಗಾಗಿ ಎಲ್ಲರಿಗೂ ಧನ್ಯವಾದ. ಡಬಲ್ಸ್‌ನಲ್ಲಿ ಇದನ್ನು ಬಳಸುವ ಬಗ್ಗೆ ಯಾರಾದರೂ ಹೇಳುವಿರಾ?

ಏಳನೇ ಸರದಿ

ಸಂಕ್ಷಿಪ್ತವಾಗಿ ಹೇಳುವುದಾದರೆ, ಅಲ್ಲಿ ಇದರ ಬೆಲೆ ಕಡಿಮೆ. ಅಧಿಕೃತ ಡಬಲ್ಸ್ ಪಂದ್ಯದಲ್ಲಿ ಆರರಲ್ಲಿ ನಾಲ್ಕನ್ನೇ ಆರಿಸಿಕೊಳ್ಳುತ್ತೇವೆ, ಸರದಿಗಳೂ ಕಡಿಮೆ, ಒಂದೇ ಸರದಿಯಲ್ಲಿ ಎರಡು ಕಡೆಯಿಂದ ಏಟು ಬೀಳುತ್ತದೆ. ನಿಧಾನವಾಗಿ ಬೆಳೆಯುವ ಟಾರ್ಚ್ ಸಾಂಗ್‌ಗೆ ಅಲ್ಲಿ ಪುರುಸೊತ್ತು ಸಿಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ದಿ ಇಂಡಿಗೋ ಡಿಸ್ಕ್‌ನೊಂದಿಗೆ ಇನ್‌ಸಿನರೋರ್ ಮರಳಿದ ಮೇಲೆ, ಇಂಟಿಮಿಡೇಟ್, ಫೇಕ್ ಔಟ್, ಪಾರ್ಟಿಂಗ್ ಶಾಟ್ ಮೂರನ್ನೂ ತರುವ ಆ ಫೈರ್ ಪೋಕೆಮಾನ್ ಇರುವಾಗ ಸ್ಕೆಲಿಡರ್ಜ್‌ಗೆ ಜಾಗ ಮಾಡಿಕೊಡುವುದು ಕಷ್ಟ.

ಲೆಕ್ಕಿಗ

ಸಿಂಗಲ್ಸ್‌ಗೆ ಮರಳಿ, ಇವಿ ಹಂಚಿಕೆಯ ಬಗ್ಗೆ ಒಂದು ಸಲಹೆ ಮುಂದಿಡುತ್ತೇನೆ. ಸ್ಪೀಡ್‌ಗೆ 128 ಇವಿ ಹಾಕಿದರೆ ಸ್ಕೆಲಿಡರ್ಜ್‌ನ ವೇಗ ಸರಿಯಾಗಿ 200 ಆಗುತ್ತದೆ, ಅಡಮಂಟ್ ಕಿಂಗಂಬಿಟ್‌ನ 199ಕ್ಕಿಂತ ಒಂದು ಹೆಚ್ಚು. ಆಗ ವಿಲ್-ಓ-ವಿಸ್ಪ್ ಕೌಟೌ ಕ್ಲೀವ್‌ಗಿಂತ ಮೊದಲು ನಾಟುತ್ತದೆ, ಸುಡದ ಕೌಟೌ ಕ್ಲೀವ್ ಅನ್ನು ಒಂದು ಸಲವೂ ತಿನ್ನಬೇಕಾಗುವುದಿಲ್ಲ. ಡಿಫೆನ್ಸ್‌ಗೆ ಉಳಿದ 128 ಹಾಕಿದರೆ ಅದು 328ರಿಂದ 294ಕ್ಕೆ ಇಳಿಯುತ್ತದೆ. ಆದರೂ ಸುಟ್ಟ ಕಿಂಗಂಬಿಟ್‌ನ ಕೌಟೌ ಕ್ಲೀವ್ ಶೇ 31ರಿಂದ 36, ಸಕ್ಕರ್ ಪಂಚ್ ಶೇ 25ರಿಂದ 30 ಮಾತ್ರ. ಮೊದಲ ಸರದಿಯಲ್ಲಿ ವಿಲ್-ಓ-ವಿಸ್ಪ್ ನಾಟಿ, ಆಮೇಲೆ ಎದುರಾಳಿ ಸಕ್ಕರ್ ಪಂಚ್‌ಗೆ ಇಳಿದರೆ, ಎರಡು ಟಾರ್ಚ್ ಸಾಂಗ್ ಹಾಡಲು ಬೇಕಾದಷ್ಟು ಎಚ್‌ಪಿ ಉಳಿದಿರುತ್ತದೆ.

ಜಾಲಿ ನೇಚರ್‌ನ ಕಿಂಗಂಬಿಟ್‌ನ ವೇಗ 218 ಆಗುವುದರಿಂದ ಅದರ ಎದುರು ಈ ಹಂಚಿಕೆ ಫಲ ಕೊಡದು.

ಕೆಂಡ

ಲೆಕ್ಕಿಗರೇ, ಇದರ ಬೆಲೆ ನಾವು ಗ್ರೇಟ್ ಟಸ್ಕ್ ಎದುರು ತೆರಬೇಕು. ಡಿಫೆನ್ಸ್ 294 ಇದ್ದರೆ ಹೆಡ್‌ಲಾಂಗ್ ರಷ್ ಶೇ 69ರಿಂದ 82ರ ಬದಲು ಶೇ 77ರಿಂದ 91 ತೆಗೆಯುತ್ತದೆ. ಪೂರ್ಣ ಎಚ್‌ಪಿಯಲ್ಲಿ ಉಳಿಯುವುದು ಉಳಿಯುತ್ತದೆ, ಆದರೆ ಅದಕ್ಕೆ ಮೊದಲು ಒಂದು ಸಣ್ಣ ಪೆಟ್ಟು ಬಿದ್ದಿದ್ದರೂ ಸಾಕು, ಭರವಸೆ ಇಲ್ಲ. ಹಾಗಾಗಿ ಇದು ತಂಡವನ್ನು ನೋಡಿ ನಿರ್ಧರಿಸಬೇಕಾದ ವಿಷಯ. ಗ್ರೌಂಡ್ ಏಟನ್ನು ತಡೆಯಲು ಕೊರ್ವಿನೈಟ್‌ನಂಥ ಫ್ಲೈಯಿಂಗ್ ಟೈಪ್ ಜೊತೆಗಿದ್ದರೆ ನಿಮ್ಮ ಹಂಚಿಕೆಯನ್ನೇ ಆರಿಸುತ್ತೇನೆ, ಏಕೆಂದರೆ ಆಗ ಸ್ಕೆಲಿಡರ್ಜ್ ಗ್ರೇಟ್ ಟಸ್ಕ್ ಎದುರು ನಿಲ್ಲಬೇಕಾದ ಸಂದರ್ಭಗಳೇ ಕಡಿಮೆಯಾಗುತ್ತವೆ ಮತ್ತು ಉಳಿಸಿದ ಎಚ್‌ಪಿಯೆಲ್ಲ ಕಿಂಗಂಬಿಟ್‌ಗೆ ಮೀಸಲಾಗುತ್ತದೆ. ಅಂಥ ಜೊತೆಗಾರ ಇಲ್ಲದಿದ್ದರೆ ಡಿಫೆನ್ಸ್‌ಗೆ 252 ಹಾಕಿದ್ದೇ ಸರಿ.

ಮೂವ್‌ಗಳಲ್ಲಿ ಟಾರ್ಚ್ ಸಾಂಗ್, ಸ್ಲ್ಯಾಕ್ ಆಫ್, ವಿಲ್-ಓ-ವಿಸ್ಪ್ ಎರಡೂ ಹಂಚಿಕೆಗೆ ಸಾಮಾನ್ಯ. ನಾಲ್ಕನೆಯದಾಗಿ ಹೆಕ್ಸ್ ಇಡುವುದು ನನ್ನ ಆಯ್ಕೆ. ಸುಟ್ಟವರ ಮೇಲಷ್ಟೇ ಅಲ್ಲ, ತಾನೇ ವಿಷ ಹತ್ತಿಸಿಕೊಂಡು ಬರುವ ಗ್ಲೈಸ್ಕೋರ್ ಮೇಲೂ ಅದರ 65ರ ಬಲ 130 ಆಗುತ್ತದೆ, ಅದೂ ಮೊದಲ ಏಟಿನಿಂದಲೇ.